ಎಳ್ಳಮಾವಾಸ್ಯೆಯ ತಾರೀಕು

ಯಂತ್ರ ಮೊದಲು ಗುರುಗುಟ್ಟಿತು, ಆಮೇಲೆ ಮುದುಕರಂತೆ ಎರಡು ಸಲ ಕೆಮ್ಮಿತು, ಕೊನೆಗೆ ಮನಸ್ಸು ಮಾಡಿ ಪರದೆಯ ಮೇಲೆ ಹಸಿರು ಅಕ್ಷರಗಳನ್ನು ಮೂಡಿಸಿತು. ಮೂಡಿಸಿದ್ದು ಒಂದು ಪ್ರಶ್ನೆ. ಇವತ್ತಿನ ತಾರೀಕು ಏನು?

ಚಂದ್ರವ್ವ ಗುಂಡಿಗಳ ಮೇಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಇದು ನಮ್ಮದಲ್ರಿ ಕಾಕಾ."

"ಪೆಟ್ಟಿಗಿ ಅದ ಐತೆಲ್ಲವಾ," ಎಂದ ಅಮಾತೆಪ್ಪ.

"ಪೆಟ್ಟಿಗಿ ಅದ ಐತ್ರಿ. ಒಳಗಿಂದು ಬ್ಯಾರೆ. ನಮ್ಮದು ಎಂದೂ ತಾರೀಕು ಕೇಳ್ತಿದ್ದಿಲ್ಲ. ಚಾಲೂ ಮಾಡಿದ್ರ ಸುಮ್ನ ಕೆಲಸಕ್ಕ ಹತ್ತತಿತ್ತು."

ಅಮಾತೆಪ್ಪ ನಶ್ಯದ ಚಿಟಿಕೆಯನ್ನು ಮೂಗಿನ ಹತ್ತಿರ ಒಯ್ದವನು ಅಲ್ಲೇ ತಡೆದ. ಬಾದಾಮಿಯ ತಂತಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಟ್ಟಕಡ ಎಂದು ಬಡಿದು ನಿವೃತ್ತನಾದ ಮನುಷ್ಯ. ಮಾತನ್ನು ಎಣಿಸಿ ಆಡುವುದು ಅವನಿಗೆ ಅಲ್ಲಿಂದ ಹತ್ತಿದ ಚಟ. ಊರವರು ಕಳೆದುಕೊಂಡದ್ದನ್ನು ಹುಡುಕಿಕೊಡುವುದು ನಿವೃತ್ತಿಯ ಮೇಲೆ ಹತ್ತಿದ ಚಟ. ಎರಡರಲ್ಲಿ ಯಾವುದಕ್ಕೂ ಔಷಧವಿಲ್ಲವೆಂದು ಅವನ ಹೆಂಡತಿ ಕೈಬಿಟ್ಟಿದ್ದಳು.

ಈ ಕಂಪ್ಯೂಟರಿನ ಮುಂದೆ ದಿನಾ ಕೂಡುತ್ತಿದ್ದ ಚಂದ್ರವ್ವನ ಗಂಡ ರಾಚಪ್ಪ ಹೋದ ಜೂನಿನಲ್ಲಿ ಕುಳಗೇರಿ ಕ್ರಾಸಿನಲ್ಲಿ ಬಸ್ಸು ಹತ್ತಿದವನು ಇನ್ನೂ ಎಲ್ಲಿಯೂ ಇಳಿದಿರಲಿಲ್ಲ. ನವರಾತ್ರಿಗೆ ಮುಂಚೆ ಮಲಪ್ರಭೆಯ ದಂಡೆಯ ಜಾಲಿಕಂಟಿಯಲ್ಲಿ ಗುರುತು ಸಿಗದಂತಾದ ಒಂದು ಹೆಣ ಸಿಕ್ಕಿತ್ತು. ಅದರ ಮೈಮೇಲಿದ್ದ ಅಂಗಿ ರಾಚಪ್ಪನದೇ. ಡಿಸೆಂಬರ್ ಮೊದಲ ವಾರ ಪೊಲೀಸರು ಆ ಅಂಗಿಯನ್ನು ತೋರಿಸಿದಾಗ ಚಂದ್ರವ್ವನೇ ಗುರುತು ಹಿಡಿದಿದ್ದಳು, ಎರಡನೇ ಗುಂಡಿ ಅವಳು ಹಚ್ಚಿದ್ದು. ಇವತ್ತು ನಾಲ್ಕು ಗಂಟೆಗೆ ಜೀಪು ಬರುತ್ತದೆ. ಹುನಗುಂದಕ್ಕೆ ಹೋಗಿ, ಆ ಹೆಣ ನನ್ನ ಗಂಡನದು ಎಂದು ಬರೆದ ಕಾಗದದ ಕೆಳಗೆ ಅವಳು ಸಹಿ ಹಾಕಬೇಕು.

ಸಹಿ ಬಿದ್ದ ಗಳಿಗೆಗೆ ರಾಚಪ್ಪ ಸತ್ತ. ಅವಳ ಕೈಯ ಹಸಿರು ಬಳೆಗಳೂ ಅಷ್ಟೇ ಹೊತ್ತಿನವು. ಈಗ ಗಂಟೆ ಎರಡಾಗಿತ್ತು.

ಇಳಕಲ್ಲಿನ ನೇಕಾರರ ವಿನ್ಯಾಸ ಕೇಂದ್ರ ಎಂದರೆ ಎರಡು ಕೋಣೆ, ಒಂದು ಕಂಪ್ಯೂಟರ್, ಗೋಡೆಯ ತುಂಬ ಸೀರೆಯ ಅಂಚಿನ ದಡಿಗಳ ನಕ್ಷೆ. ನಾಲ್ಕು ವರ್ಷದ ಹಿಂದೆ ಯಂತ್ರ ಬಂದಾಗ ಊರವರು ಚಪ್ಪಲಿ ಹೊರಗೆ ಬಿಟ್ಟು ಬಂದು ನೋಡಿ ಹೋಗಿದ್ದರು. ಮನುಷ್ಯರಿಗೆ ಎಪ್ಪತ್ತಾದ ಹಾಗೆ ಆ ಜಾತಿಯ ಯಂತ್ರಕ್ಕೆ ನಾಲ್ಕು. ಈಗ ಅದರ ಮೈ ಹಳದಿಗಟ್ಟಿದೆ, ಗುಂಡಿಗಳ ಮೇಲಿನ ಅಕ್ಷರ ಅಳಿಸಿವೆ. ರಾಚಪ್ಪ ಮಾತ್ರ ಅದನ್ನು ಮಗ್ಗದಷ್ಟೇ ಅಕ್ಕರೆಯಿಂದ ನೋಡಿಕೊಂಡಿದ್ದ. ಸೀರೆಯ ದಡಿಗಳನ್ನು ಚೌಕ ಚೌಕವಾಗಿ ಅದರೊಳಗೆ ತುಂಬುತ್ತಿದ್ದ. ಸಂಜೆ ಕೆಲಸ ಮುಗಿದ ಮೇಲೆ ತನ್ನ ಮನಸ್ಸಿನದೂ ನಾಲ್ಕು ಸಾಲು ಬರೆದಿಡುತ್ತಿದ್ದ. ಆ ನಾಲ್ಕು ಸಾಲಿಗಾಗಿಯೇ ಅಮಾತೆಪ್ಪ ಇವತ್ತು ಬಂದಿದ್ದು.

ಪೆಟ್ಟಿಗೆಯಲ್ಲಿ ಹನ್ನೊಂದು ಫ್ಲಾಪಿಗಳಿದ್ದವು. ಚಂದ್ರವ್ವ ಒಂದೊಂದಾಗಿ ತೂರಿಸಿದಳು. ಒಂದನ್ನೂ ಯಂತ್ರ ಓದಲಿಲ್ಲ. ತವರಿನ ಗುರುತೇ ಇಲ್ಲದ ಸೊಸೆಯಂತೆ ಮುಖ ತಿರುಗಿಸಿತು.

"ಹನ್ನೆರಡು ಇರಬೇಕ್ರಿ," ಎಂದಳು. "ಕೆಂಪು ಚೀಟಿ ಹಚ್ಚಿದ್ದೊಂದು ಇತ್ತು. ಅದನ್ನ ಮೊದಲ ಹಾಕಿದ್ರ ಯಂತ್ರಕ್ಕ ಹಳೇ ಬುದ್ಧಿ ಬರತಿತ್ತು, ಆಮ್ಯಾಲ ಈ ಹನ್ನೊಂದನ್ನೂ ಓದತಿತ್ತು. ಅದ ಇಲ್ಲ."

"ಅದರ ಬದಲಿ?"

"ಇದು." ಅವಳು ಯಂತ್ರದ ಬಾಯಿಂದ ಒಂದು ಹೊಸ ಫ್ಲಾಪಿ ಎಳೆದು ತೋರಿಸಿದಳು. "ಇದನ್ನ ಯಾರ ಹಾಕ್ಯಾರೋ ನನಗ ತಿಳೀದು."

ಬಾಗಿಲಲ್ಲಿ ಕೆಮ್ಮು ಕೇಳಿಸಿತು.

"ನಾನ ಹಾಕೇನ್ರಿ ಅಕ್ಕಾರ."

ಬಂದವನು ಬಾಬಣ್ಣ. ಬಾಗಲಕೋಟೆಯಲ್ಲಿ ಅಂಗಡಿ ಇಟ್ಟುಕೊಂಡು ಟೈಪರೈಟರ್, ಕ್ಯಾಲ್ಕುಲೇಟರ್ ಮಾರುವವನು, ಈ ಕಂಪ್ಯೂಟರನ್ನು ತಂದುಕೊಟ್ಟವನೂ ಅವನೇ. ಅಮಾತೆಪ್ಪ ನಿನ್ನೆ ಅವನಿಗೆ ತಂತಿ ಕಳಿಸಿದ್ದ: ಯಂತ್ರ ಕೆಟ್ಟಿದೆ, ಬನ್ನಿ. ಯಂತ್ರ ಕೆಟ್ಟಿದೆ ಎಂದರೆ ಬಾಬಣ್ಣ ಉಂಡ ಕೈ ತೊಳೆಯದೆ ಬರುವವನೆಂದು ಊರಿಗೆಲ್ಲ ಗೊತ್ತು.

"ಕೆಟ್ಟಿಲ್ಲೇನಿದು?" ಎಂದು ಪರದೆ ನೋಡಿದ.

"ಕೆಟ್ಟದ್ದು ಬ್ಯಾರೆ ಐತಿ," ಎಂದ ಅಮಾತೆಪ್ಪ. "ಕೂಡ್ರು. ಏನ ಹಾಕಿದಿ ಇದಕ್ಕ?"

"ಬ್ಯಾರೆ ಸಿಸ್ಟಮ್ ರಿ. ಯಂತ್ರ ಅಂದ್ರ ಬರೇ ತಗಡು. ಹ್ಯಾಂಗ ನಡೀಬೇಕು, ಹ್ಯಾಂಗ ಓದಬೇಕು ಅಂತ ಹೇಳಿಕೊಡೂದು ಈ ಫ್ಲಾಪಿ. ಮೊದಲಿನ ಸಿಸ್ಟಮ್ ಹಳೇದಾತು, ಈಗ ಎಲ್ಲಾ ಕಡೆ ಇದ ನಡದೈತಿ. ಹಳೇ ಮಗ್ಗಕ್ಕ ಹೊಸಾ ಹಾಸು ಏರಿಸಿದಂಗ ಅಂತ ತಿಳೀರಿ."

"ಎಂದ ಏರಿಸಿದಿ?"

"ಡಿಸೆಂಬರ್ ಇಪ್ಪತ್ತಕ್ಕ. ಅದರಾಗ ಬರದಿರತೈತಿ, ನೋಡ್ರಿ."

ಚಂದ್ರವ್ವ ಹೊಸ ಫ್ಲಾಪಿಯನ್ನು ಮರಳಿ ತೂರಿಸಿ, ಅದರಲ್ಲಿ ಏನೇನಿದೆ ಎಂದು ಕೇಳುವ, ಗಂಡ ಕಲಿಸಿದ್ದ ಮೂರಕ್ಷರ ಒತ್ತಿದಳು. ಯಂತ್ರ ಕರಕರ ಎಂದು ಹಲ್ಲು ಕಡಿದು ನಿಂತಿತು. ಮತ್ತೆ ಒತ್ತಿದಳು. ಮೂರನೇ ಸಲಕ್ಕೆ ಹೆಸರುಗಳ ಸಾಲು ಮೇಲೇರಿತು. ಎಲ್ಲ ಸಿಸ್ಟಮಿನ ಒಣ ಹೆಸರುಗಳು. ಕಟ್ಟಕಡೆಗೆ ಒಂದೇ ಒಂದು ಹೆಸರು ಬೇರೆಯಾಗಿತ್ತು. ಅದರ ಮುಂದೆ ಡಿಸೆಂಬರ್ ಇಪ್ಪತ್ತು, ಸಾವಿರದ ಒಂಬೈನೂರ ಎಂಬತ್ತೇಳು ಎಂಬ ತಾರೀಕು.

ಚಂದ್ರಿ. ಇಂಗ್ಲಿಷಿನ ಏಳಕ್ಷರದಲ್ಲಿ, ಚಂದ್ರಿ.

ತವರಿನಲ್ಲಿ ಅವಳು ಚಂದ್ರವ್ವ, ಅತ್ತೆಗೆ ಚಂದ್ರವ್ವ, ಮತದಾರರ ಪಟ್ಟಿಯಲ್ಲೂ ಚಂದ್ರವ್ವ. ಚಂದ್ರಿ ಎಂದು ಕರೆಯುವ ಬಾಯಿ ಈ ಲೋಕದಲ್ಲಿ ಒಂದೇ ಇತ್ತು. ಅದೂ ನಾಲ್ಕು ಜನರ ಮುಂದೆ ಅಲ್ಲ, ಮಗ್ಗದ ಕುಣಿಯಲ್ಲಿ ಕೂತು ಲಾಳಿ ಕೇಳುವಾಗ ಮಾತ್ರ.

"ತಾರೀಕು ಯಂತ್ರಕ್ಕ ಹ್ಯಾಂಗ ತಿಳೀತು?" ಅಮಾತೆಪ್ಪ ಬಾಬಣ್ಣನನ್ನು ಬಿಟ್ಟಿರಲಿಲ್ಲ.

"ನಾವ ಹೇಳಬೇಕ್ರಿ. ಚಾಲೂ ಮಾಡಿದಾಗೊಮ್ಮೆ ಕೇಳತೈತೆಲ್ಲ."

"ಸುಳ್ಳು ಹೇಳಿದ್ರ?"

"ನಂಬತೈತಿ. ಯಂತ್ರ ಐತ್ರಿ, ಪೊಲೀಸ್ ಅಲ್ಲ."

"ಹಂಗಾದ್ರ ಈ ತಾರೀಕಿಗೆ ಕಿಮ್ಮತ್ತಿಲ್ಲ."

"ಇಲ್ಲಂದ್ರ ಇಲ್ರಿ. ಆದ್ರ ನಾ ಹಾಕಿದ್ದು ಅವತ್ತ."

"ಇಪ್ಪತ್ತಕ್ಕ ಎಳ್ಳಮವಾಸಿ ಇತ್ತು," ಎಂದಳು ಚಂದ್ರವ್ವ ಪರದೆಯಿಂದ ಕಣ್ಣು ತೆಗೆಯದೆ. "ಅಮಾಸಿಗೆ ನಾವು ಮಗ್ಗ ಮುಟ್ಟೂದಿಲ್ಲ. ಅವತ್ತಂತೂ ಊರಿಗೂರ ಭೂಮಿತಾಯಿಗೆ ಎಡಿ ಕೊಟ್ಟು ಚರಗ ಚೆಲ್ಲಾಕ ಹೊಲಕ್ಕ ಹೋಗಿತ್ತು. ಈ ಬಾಗಿಲಿಗೆ ಕೀಲಿ ಇತ್ತು."

"ಅದಕ್ಕ ಅವತ್ತ ಬಂದೆ, ಯಾರಿಗೂ ತೊಂದ್ರಿ ಇರೂದಿಲ್ಲಂತ. ಕೀಲಿಕೈ ಈರಪ್ಪ ಸಾವಕಾರ್ರು ಕೊಟ್ಟಿದ್ರು."

ಈರಪ್ಪ ಎಂದರೆ ಕೇಂದ್ರದ ಅಧ್ಯಕ್ಷ, ಸಂಜೆ ಜೀಪು ತರುವವನೂ ಅವನೇ. ರಾಚಪ್ಪ ದಡಿಗಳನ್ನು ಕದ್ದು ಓಡಿಹೋದ ಎಂದು ಜೂನಿನಲ್ಲಿ ಹೇಳಿದವನು, ಪಾಪ ಹೊಳೆಪಾಲಾದ ಎಂದು ಡಿಸೆಂಬರಿನಲ್ಲಿ ಹೇಳಿದವನು. ಎರಡು ಮಾತನ್ನೂ ಅಷ್ಟೇ ಕಳಕಳಿಯಿಂದ ಹೇಳಿದ್ದ.

"ತಗೀವಾ ಅದನ್ನ," ಎಂದ ಅಮಾತೆಪ್ಪ.

ಅವಳು ಆ ಹೆಸರನ್ನು ತೆರೆದಳು. ಪರದೆಯ ತುಂಬ ಚುಕ್ಕೆಗಳೂ ಗುಣಿಸು ಗುರುತುಗಳೂ ಸಾಲುಗಟ್ಟಿದವು. ನೇಯದವರಿಗೆ ಅದು ಇರುವೆ ಸಾಲು. ಅವಳಿಗೆ ಎರಡನೇ ಸಾಲಿಗೇ ತಿಳಿಯಿತು. ಗೋಮಿ ದಡಿ. ಮದುವೆಗೆ ಮುಂಚೆ ಅವನು ತನ್ನ ಕೈಯಾರೆ ನೇಯ್ದು ಕಳಿಸಿದ ಸೀರೆಯದು. ದಡಿಯ ಏಳನೇ ಹಲ್ಲಿನಲ್ಲಿ ಒಂದು ಚೌಕದ ಮನೆ ತಪ್ಪಿತ್ತು. ಮದುವೆಯ ಮಾರನೇ ದಿನ ಅದನ್ನು ಅವಳು ಹುಡುಕಿ ತೋರಿಸಿದಾಗ ಅವನು ನಕ್ಕು, ನಿನ್ನ ನೆನೆಸಿಕೊಂತ ನೇಯಾಕ ಹೋದ್ರ ಇನ್ನೇನಾಗತೈತಿ ಎಂದಿದ್ದ. ಆ ತಪ್ಪು ಇಲ್ಲಿಯೂ ಇತ್ತು. ಅವನು ತಿದ್ದಿರಲಿಲ್ಲ.

ಏಳು ತಿಂಗಳು ಅವಳು ಅತ್ತಿದ್ದು ಕಡಿಮೆ. ಹೆಣದ ಸುದ್ದಿ ಕೇಳಿ ಅತ್ತಿರಲಿಲ್ಲ, ಅಂಗಿ ನೋಡಿ ಅತ್ತಿರಲಿಲ್ಲ. ಈ ತಪ್ಪಿದ ಒಂದು ಮನೆ ನೋಡಿ ಅವಳ ಕಣ್ಣು ತುಂಬಿ ಹರಿಯಿತು. ಸೆರಗಿನಿಂದ ಒರೆಸಿಕೊಳ್ಳಲೂ ಕೈ ಏಳಲಿಲ್ಲ.

"ಅದು ಸುಮ್ನ ಪರೀಕ್ಷಾ ಮಾಡಾಕ ಹಳೇದೊಂದನ್ನ ನಕಲ್ ಮಾಡಿ ಇಟ್ಟಿದ್ದೆ," ಎಂದ ಬಾಬಣ್ಣ. "ಕೈಗೆ ಸಿಕ್ಕಿದ್ದು."

"ನೂರಾ ಹದಿನಾಲ್ಕು ದಡಿ ಇದ್ವು," ಎಂದಳು ಅವಳು. "ಇದ ಸಿಕ್ತೇನ್ರಿ ನಿಮ್ಮ ಕೈಗೆ?"

ಅಮಾತೆಪ್ಪ ಫ್ಲಾಪಿಯನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದ. ಕರಿಯ ಮೈಯ ಒಂದು ಅಂಚಿನಲ್ಲಿ ಹೆಬ್ಬೆರಳಿನ ಗುರುತು, ಬೂದು ಬಣ್ಣದ್ದು. ಓದುವ ಕಿಂಡಿಯ ಹತ್ತಿರವೂ ಅದೇ ಬೂದಿ ಹಬ್ಬಿತ್ತು. ಯಂತ್ರ ಮೂರು ಸಲ ಹಲ್ಲು ಕಡಿದದ್ದು ಅದಕ್ಕೇ. ಅವನು ಮೂಸಿ ನೋಡಿದ. ನಶ್ಯದ ಮೂಗು, ಆದರೂ ಮೋಸ ಹೋಗುವ ಮೂಗಲ್ಲ.

"ಧೂಳ ಐತ್ರಿ," ಎಂದ ಬಾಬಣ್ಣ. "ಎಷ್ಟ ದಿನದಿಂದ ಮುಚ್ಚಿದ್ದು."

"ಇರಬಹುದು," ಎಂದು ಅಮಾತೆಪ್ಪ ಎದ್ದ. "ಚಾ ತರ್ತೇನಿ. ನೀವು ಕೂಡ್ರಿ."

ಎದುರಿನ ಹೋಟೆಲಿನಿಂದ ಅವನು ತಾನೇ ಮೂರು ಲೋಟ ಹಿಡಿದುಕೊಂಡು ಬಂದ. ಎರಡನ್ನು ಇಬ್ಬರ ಕೈಗೆ ಕೊಟ್ಟ. ತನ್ನದನ್ನು ಹೋಗಿ ಕಂಪ್ಯೂಟರಿನ ತಲೆಯ ಮೇಲೆ ಇಟ್ಟ.

ಬಾಬಣ್ಣ ತನ್ನ ಲೋಟ ಅಲ್ಲೇ ನೆಲಕ್ಕಿಟ್ಟು ಜಿಗಿದು ಅದನ್ನು ಎತ್ತಿದ. ಎತ್ತಿದ್ದಲ್ಲದೆ ಲೋಟದ ತಳ ಕೂತಿದ್ದ ಜಾಗವನ್ನು ಕೈವಸ್ತ್ರದಿಂದ ಒರೆಸಿದ. ಒರೆಸಿ, ಬಾಗಿ, ಇನ್ನೊಮ್ಮೆ ಒರೆಸಿದ.

"ಏನ ಮಾಡ್ತೀರಿ ಅಮಾತೆಪ್ಪನವರ. ಇದರ ಮ್ಯಾಲ ಚಾ ಇಡ್ತಾರೇನ್ರಿ?"

"ಇಡಬಾರದು?"

"ಒಂದ ಹನಿ ಒಳಗ ಇಳದ್ರ ಮುಗೀತು. ಇದರ ಮುಂದ ನಾ ಬೀಡಿ ಸುದ್ದಾ ಸೇದೂದಿಲ್ಲ."

"ಗೊತ್ತೈತಿ. ಬಾಗಲಕೋಟ್ಯಾಗ ಎಲ್ಲಾರಿಗೂ ಗೊತ್ತೈತಿ. ಗಿರಾಕಿ ಒದ್ದಿ ಕೈಲೆ ಮುಟ್ಟಿದ್ರ ನೀ ಬೈತಿ ಅಂತಾರ." ಅಮಾತೆಪ್ಪ ಫ್ಲಾಪಿಯನ್ನು ಅವನ ಮುಖದ ಮುಂದೆ ಹಿಡಿದ. "ಅಂಥಾಂವ ಬೂದಿ ಕೈಲೆ ಇದನ್ನ ಮುಟ್ಟೀಯೇನಪಾ?"

ಬಾಬಣ್ಣ ಎತ್ತಿ ಹಿಡಿದಿದ್ದ ಲೋಟವನ್ನು ಕೆಳಗಿಟ್ಟ.

"ಬೂದೀನ?" ಎಂದಳು ಚಂದ್ರವ್ವ.

ಅಮಾತೆಪ್ಪ ಕೊಟ್ಟದ್ದನ್ನು ಅವಳು ಬೆರಳ ತುದಿಯಲ್ಲಿ ಮುಟ್ಟಿ ತಿಕ್ಕಿ ನೋಡಿದಳು. ಹಿಟ್ಟಿನಂಥ ನುಣುಪು, ಸಣ್ಣಗೆ ಸೋಸಿದ್ದು. ಒಲೆಯ ಬೂದಿಯನ್ನು ಸೀರೆಯ ತುಂಡಿನಲ್ಲಿ ಹಾಕಿ ಜಾಡಿಸಿ ಸೋಸುವುದು ಅವಳದೇ ಕೆಲಸವಾಗಿತ್ತು.

ನೇಕಾರರ ಮನೆಯಲ್ಲಿ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು, ಮುಗಿದರೆ ಹಳೆಯದನ್ನು ಪೂರ್ತಿ ಕಿತ್ತು ಎಸೆಯುವುದಿಲ್ಲ. ಗೇಣುದ್ದ ತುದಿ ಮಗ್ಗದಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ ಹೊಸೆದು ಕೂಡಿಸುತ್ತಾರೆ. ಹೊಸೆಯುವಾಗ ಬೆರಳು ಬೆವರಿ ಜಾರಬಾರದೆಂದು ಆಗಾಗ ಬೂದಿ ಮುಟ್ಟಿಕೊಳ್ಳುತ್ತಾರೆ. ಸಾವಿರಗಟ್ಟಲೆ ಎಳೆ. ಸಾಧಾರಣಕ್ಕೆ ಹೆಂಗಸರ ಕೆಲಸ ಅದು. ಅಕ್ಕತಂಗಿಯರಿಲ್ಲದ ರಾಚಪ್ಪ ಅವ್ವನ ಹತ್ತಿರ ಅದನ್ನು ಕಲಿತಿದ್ದ, ಕಲಿತವನಿಗೆ ಆ ಬೂದಿಯ ಗೀಳು ಬಿಡಲಿಲ್ಲ. ಅಂಗಿಯ ಕಿಸೆಯಲ್ಲಿ ಸದಾ ಒಂದು ಸಣ್ಣ ಬೂದಿ ಡಬ್ಬಿ. ಕೈಗಡಿಯಾರ ಬಿಚ್ಚುವಾಗ ಬೂದಿ, ಸೂಜಿಗೆ ದಾರ ಪೋಣಿಸುವಾಗ ಬೂದಿ. ಮೊದಲ ರಾತ್ರಿ ಅವಳ ಕೊರಳಿನ ಗುಂಡಿನ ಸರದ ಕೊಂಡಿ ಬಿಡಿಸುವ ಮುಂಚೆಯೂ ಅವನು ಎದ್ದು ಹೋಗಿ ಬೂದಿ ಮುಟ್ಟಿಕೊಂಡು ಬಂದಿದ್ದ. ಬೆಳಿಗ್ಗೆ ಅತ್ತೆ ಅವಳ ಕೊರಳು ನೋಡಿ ನಕ್ಕಿದ್ದಳು.

ಯಂತ್ರಕ್ಕೆ ಬೂದಿ ವಿಷ ಎಂದು ಬಾಬಣ್ಣ ಎಷ್ಟು ಬೈದರೂ ಅವನು ಕಲಿತಿರಲಿಲ್ಲ.

ಅವಳು ಫ್ಲಾಪಿಯ ಮೇಲಿನ ಗುರುತಿಗೆ ತನ್ನ ಹೆಬ್ಬೆರಳನ್ನು ಹೊಂದಿಸಿ ನೋಡಿದಳು. ಬಲಗೈಯದು ಹೊಂದಲಿಲ್ಲ. ಎಡಗೈಯದನ್ನು ಇಟ್ಟಳು. ಓರೆ ಹೊಂದಿತು. ರಾಚಪ್ಪ ಎಡಚ.

"ಇದನ್ನ ಅವರ ಹಾಕ್ಯಾರ," ಎಂದಳು. "ಪೂರಾ ಬರಿದು ಮಾಡಿದ್ರ ಮಗ್ಗಕ್ಕ ಚಲೋದಲ್ಲಂತ ಹಳೇದರ ತುದಿ ಒಂದು ಬಿಟ್ಟಾರ. ನನ್ನ ಸೀರಿ ದಡಿ ಬಿಟ್ಟಾರ."

"ತಡಿ," ಎಂದ ಅಮಾತೆಪ್ಪ. "ಜೂನಿನ ಮೊದಲ ಹಾಕಿರಬಹುದಲ್ಲ. ತಾರೀಕಿಗೆ ಕಿಮ್ಮತ್ತಿಲ್ಲಂತ ಇವನ ಹೇಳ್ಯಾನ." ಅವನು ಬಾಬಣ್ಣನ ಕಡೆಗೆ ತಿರುಗಿದ. "ಈ ಹೊಸಾ ಸಿಸ್ಟಮ್ ನಿನ್ನ ಅಂಗಡಿಗೆ ಎಂದ ಬಂತು? ಸುಳ್ಳ ಹೇಳಬ್ಯಾಡ. ಪಾರ್ಸಲ್ ಚೀಟಿ ಅಂಚೆಯವರ ಕಡೆ ಇರತೈತಿ, ಅಂಚೆಯವರು ನನ್ನ ಮಂದಿ."

ಬಾಬಣ್ಣ ಕೈವಸ್ತ್ರವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ದೀಪಾವಳಿ ಆದ ಮ್ಯಾಲ."

ನವರಾತ್ರಿಗೆ ಮುಂಚೆ ಹೆಣ. ದೀಪಾವಳಿ ಆದ ಮೇಲೆ ಫ್ಲಾಪಿ. ಎಳ್ಳಮಾವಾಸ್ಯೆಗೆ ಹೆಬ್ಬೆರಳು. ಚಂದ್ರವ್ವ ಮೂರನ್ನೂ ಮನಸ್ಸಿನಲ್ಲಿ ಸಾಲಾಗಿ ಇಟ್ಟಳು, ಎಳೆ ಎಣಿಸುವವಳಂತೆ ಎರಡೆರಡು ಸಲ ಮುಟ್ಟಿ ನೋಡಿದಳು. ತಪ್ಪಿರಲಿಲ್ಲ. ಅವಳ ಗಂಡ ಬದುಕಿದ್ದ.

"ಬಾಬಣ್ಣಾರ," ಎಂದಳು. "ಅವರು ಎಲ್ಲಿದಾರ?"

"ನನಗ ಗೊತ್ತಿಲ್ಲ ವೈನಿ."

ಇಷ್ಟು ಹೊತ್ತು ಅಕ್ಕಾರ ಎಂದವನ ಬಾಯಲ್ಲಿ ಈಗ ವೈನಿ ಬಂತು. ರಾಚಪ್ಪನ ಜೊತೆ ಒಂದೇ ತಾಟಿನಲ್ಲಿ ಉಂಡ ದಿನಗಳಲ್ಲಿ ಅವನು ಅವಳನ್ನು ಅತ್ತಿಗೆಯೆಂದು ಹಾಗೇ ಕರೆಯುತ್ತಿದ್ದ. ಅವನ ಮುಖ ಇಳಿದುಹೋಯಿತು.

"ಖರೇನ ಗೊತ್ತಿಲ್ಲ. ಅಮಾಸಿ ಹಿಂದಿನ ದಿನ ಅಂಗಡಿಗೆ ಬಂದ. ಗಡ್ಡಾ ಬಿಟ್ಟಿದ್ದ, ನಾ ಗುರುತ ಹಿಡೀಲಿಲ್ಲ. ಹೊಸಾ ಸಿಸ್ಟಮ್ ಕೊಡು ಅಂದ. ಹಳೇದರಾಗ ಇದ್ದದ್ದನ್ನ ಮತ್ತೊಂದು ಕಂಪ್ಯೂಟರ್ ಓದಂಗಿಲ್ಲ ವೈನಿ. ಇದರಾಗ ಹಾಕಿಕೊಂಡ್ರ ಎಲ್ಲಿ ಬೇಕಾದ್ರೂ ಓದಬಹುದು. ಏನೋ ಒಯ್ಯೂದಿತ್ತು ಅವಗ. ಏನಂತ ಕೇಳಿದ್ರ ಹೇಳಲಿಲ್ಲ. ಇಬ್ಬರೂ ಕೂಡಿ ಇಲ್ಲಿಗೆ ಬಂದ್ವಿ. ಈರಪ್ಪ ಸಾವಕಾರ್ರಿಗೆ ಯಂತ್ರ ರಿಪೇರಿ ಅಂತ ಹೇಳಿ ಕೀಲಿಕೈ ಇಸಗೊಂಡೆ. ಅಂವ ಮುಂಜಾನಿಂದ ಕೆಲಸಕ್ಕ ಕೂತ."

"ಹಳೇ ಸಿಸ್ಟಮಿನ ಫ್ಲಾಪಿ? ಕೆಂಪು ಚೀಟೀದು?" ಅಮಾತೆಪ್ಪ ಕೇಳಿದ.

"ಸುಟ್ಟ. ನನ್ನ ಕಣ್ಣ ಮುಂದ, ಆ ಹಿತ್ತಲದಾಗ."

"ಆಮ್ಯಾಲ?"

ಬಾಬಣ್ಣ ಚಂದ್ರವ್ವನನ್ನು ನೋಡಿ ತಲೆ ತಗ್ಗಿಸಿದ.

"ಮಧ್ಯಾಹ್ನ ಮನಿ ಕಡೆ ಹೋದ. ನಾ ಬ್ಯಾಡಂದೆ, ಕೇಳಲಿಲ್ಲ. ಚಾ ಕುಡಿಯೂದ್ರಾಗ ತಿರುಗಿ ಬಂದ. ಕೀಲಿ ಹಾಕೈತಿ ಅಂದ. ಗೂಡಿನ್ಯಾಗ ಕೀಲಿಕೈ ಇಲ್ಲ ಅಂದ. ಅಷ್ಟ. ಆಮ್ಯಾಲ ಒಂದ ತಾಸು ಇಲ್ಲೇ ಕೂತಿದ್ದು ಹೊಂಟ ಹೋದ."

ಚಂದ್ರವ್ವ ಸೊಂಟಕ್ಕೆ ಕೈ ಹಾಕಿದಳು. ಕೀಲಿಕೈ ಅಲ್ಲಿತ್ತು, ಮೈಗೆ ಹತ್ತಿ ಬೆಚ್ಚಗೆ.

ಅವನು ಹೋದ ದಿನದಿಂದ ಆರು ತಿಂಗಳು ಅದು ಬಾಗಿಲ ಪಕ್ಕದ ಗೂಡಿನಲ್ಲೇ ಇತ್ತು. ಮನೆಯಲ್ಲಿ ಜನ ಇರಲಿ ಬಿಡಲಿ, ಅವನು ಯಾವ ಹೊತ್ತಿಗೆ ಬಂದರೂ ಕೈ ಚಾಚಿದರೆ ಸಿಗಬೇಕು. ಅತ್ತೆ ಗುರುಸಿದ್ದವ್ವ ಬೈದರೂ ಅವಳು ತೆಗೆದಿರಲಿಲ್ಲ. ಎಳ್ಳಮಾವಾಸ್ಯೆಯ ಮುಂಚಿನ ವಾರ ಓಣಿಯ ಒಂದು ಮನೆಯಲ್ಲಿ ಕಳವಾಯಿತು. ಹೊಲಕ್ಕೆ ಹೊರಟಾಗ ಅತ್ತೆ ಹಟ ಹಿಡಿದಳು, ಇವಳು ಮೊದಲ ಸಲ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ಅದು ಅಲ್ಲೇ ಉಳಿಯಿತು, ಗೂಡಿಗೆ ಅವಳು ಕೈ ಹಾಕಲಿಲ್ಲ.

ಹುನಗುಂದದ ಹಾದಿಯಲ್ಲಿದ್ದ ಅಣ್ಣನ ಹೊಲದಲ್ಲಿ ಅವತ್ತು ಎಲ್ಲರೂ ಉಂಡರು. ಸಜ್ಜಿ ರೊಟ್ಟಿ, ಎಣ್ಣಿಗಾಯಿ ಪಲ್ಯ, ಶೇಂಗಾ ಹೋಳಿಗೆ. ಅವನಿಗೆ ಸೇರುತ್ತದೆಂದು ಅವಳು ಎರಡು ಹೋಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿಟ್ಟು ಮನೆಗೆ ತಂದಿದ್ದಳು. ಯಾಕೆ ತಂದಳೋ ಅವಳಿಗೇ ಗೊತ್ತಿರಲಿಲ್ಲ. ನಾಲ್ಕು ದಿನ ಇಟ್ಟು ಆಮೇಲೆ ಆಕಳಿಗೆ ಹಾಕಿದ್ದಳು. ಅವಳು ಕರಿಮಣ್ಣಿನಲ್ಲಿ ನಿಂತು ಚರಗ ಚೆಲ್ಲುವ ಹೊತ್ತಿಗೆ ಅವನು ತನ್ನ ಮನೆಯ ಬಾಗಿಲಲ್ಲಿ ನಿಂತು ಬರಿದಾದ ಗೂಡನ್ನು ತಡವುತ್ತಿದ್ದ. ಈ ಊರು ಬೇಡ ಅಂದುಕೊಂಡನೋ, ನಾನು ಬೇಡ ಅಂದೆ ಅಂದುಕೊಂಡನೋ. ಇನ್ನೊಂದು ತಾಸು ಕಾಯಬಾರದಿತ್ತೇ. ಸಂಜೆಗೆ ಬಂಡಿ ಬರುತ್ತಿತ್ತು.

"ಹಂಗಾದ್ರ ಆ ಅಂಗಿಯೊಳಗ ಸತ್ತಾಂವ ಯಾರು?" ಎಂದ ಅಮಾತೆಪ್ಪ, ಅರ್ಧ ತನಗೇ.

"ನನಗ ಗೊತ್ತಿಲ್ರಿ. ಹೆಣದ ಸುದ್ದಿ ನಾನ ಅವಗ ಹೇಳಿದೆ. ಸಹಿ ಮಾಡಸ್ತಾರಂತ ಹೇಳಿದೆ. ಅಂಗಿ ಅಂದಕೂಡ್ಲೆ ಮಾರಿ ಬೆಳ್ಳಗಾತು."

ಚಂದ್ರವ್ವ ಎದ್ದು ನಿಂತಳು. ಕಣ್ಣೊರೆಸಿಕೊಂಡಳು. ಏಳು ತಿಂಗಳಲ್ಲಿ ಮೊದಲ ಸಲ ಅವಳ ಬೆನ್ನು ನೆಟ್ಟಗಾಗಿತ್ತು.

"ನಾ ಸಹಿ ಮಾಡೂದಿಲ್ಲ. ಜೀಪು ಬಂದ ದಾರೀಲೆ ಹೋಗಲಿ."

"ಮಾಡ್ರಿ ವೈನಿ," ಎಂದ ಬಾಬಣ್ಣ.

ಇಬ್ಬರೂ ಅವನತ್ತ ತಿರುಗಿದರು.

"ಅವನ ಹೇಳ್ಯಾನ. ಹೋಗೂ ಮುಂದ ನನ್ನ ಕೈ ಹಿಡದು ಹೇಳಿದ. ಚಂದ್ರವ್ವ ಸಹಿ ಮಾಡಲಿ. ನಾ ಸತ್ತೇನಿ ಅಂತ ಊರು ನಂಬಿದ್ರ ನಾ ಉಳೀತೇನಿ, ಇಲ್ಲಂದ್ರ ಇಲ್ಲ. ಆಕಿಗೆ ಏನೂ ಹೇಳಬ್ಯಾಡ, ಆಕಿ ಸಹಿ ಮಾಡಲಿ. ಅದಕ್ಕ ನಾ ಬಾಯಿ ಮುಚ್ಚಿದ್ದೆ. ಇವತ್ತ ನೀವ ಬಿಚ್ಚಿಸಿದ್ರಿ."

ಇದನ್ನು ಹೇಳುವಾಗ ಅವನ ಕೈವಸ್ತ್ರ ಅಲುಗಲಿಲ್ಲ. ಅದನ್ನು ಅಮಾತೆಪ್ಪ ನೋಡಿದ. ಚಂದ್ರವ್ವ ನೋಡಲಿಲ್ಲ, ನೋಡುವ ಸ್ಥಿತಿ ಅವಳದಾಗಿರಲಿಲ್ಲ.

"ಅವಸರ ಮಾಡಬ್ಯಾಡವಾ," ಎಂದ ಅಮಾತೆಪ್ಪ. "ಇವನ ತಂತಿ ಅರ್ಧಕ್ಕ ಹರದಂಗ ಐತಿ. ಪೂರಾ ಬರಲಿ."

"ಕಾಕಾ, ಅವರು ಸತ್ತಾರ ಅಂದ್ರ ಬದುಕತಾರ ಅನ್ನೂದಾದ್ರ, ಸತ್ತಾರ ಅಂತೇನಿ ನಾ." ಅವಳು ಬಳೆಗಳನ್ನು ಒಮ್ಮೆ ನೋಡಿಕೊಂಡಳು. "ಬಳಿ ಹೋದ್ರ ಹೋಗಲಿ. ಮತ್ತ ಇಡಸಾಕ ಅವರು ಬರಲಿ."

ಹೊರಗೆ ಜೀಪಿನ ಹಾರ್ನು ಕೇಳಿಸಿತು. ನಾಲ್ಕಕ್ಕೆ ಎಂದವನು ಮೂರಕ್ಕೇ ಬಂದಿದ್ದ.

ಈರಪ್ಪ ಬಿಳಿ ಧೋತರ, ಬಿಳಿ ಟೊಪ್ಪಿಗೆ, ಶೋಕಕ್ಕೆ ತಕ್ಕ ಮುಖ. "ನಡೀವಾ ಯವ್ವಾ, ಒಂದ ಕೆಲಸ ಮುಗದ ಹೋಗಲಿ," ಎಂದ. ಬಾಬಣ್ಣನನ್ನು ನೋಡಿ ಅವನಿಗೆ ಆಶ್ಚರ್ಯವಾಗಲಿಲ್ಲ. ಹುನಗುಂದದ ತನಕ ಬಾ, ಅಲ್ಲಿಂದ ಬಾಗಲಕೋಟೆಗೆ ಬಸ್ಸು ಸಿಗುತ್ತದೆ ಎಂದು ಜೀಪಿನ ಮುಂದೆಯೇ ಕೂಡಿಸಿಕೊಂಡ. ಹಿಂದಿನ ಬಾಕಿನ ಮೇಲೆ ಅಮಾತೆಪ್ಪ, ಎದುರಿಗೆ ಚಂದ್ರವ್ವ.

ಓಣಿಯ ತಿರುವು ಬಂದಾಗ ಅವಳು ಹೇಳಿದಳು, "ಸಾವಕಾರ್ರ, ನಮ್ಮ ಮನಿ ಮುಂದ ಒಂದ ನಿಮಿಷ ನಿಲ್ಲಸ್ರಿ. ಕೀಲಿಕೈ ಇಟ್ಟ ಬರ್ತೇನಿ."

ಅತ್ತೆ ತನ್ನ ತಂಗಿಯ ಊರು ಕೆರೂರಿಗೆ ಹೋಗಿದ್ದಳು, ಮನೆಗೆ ಕೀಲಿ ಹಾಕಿತ್ತು. ಅತ್ತೆಗೆ ಬೇಕಾಗಬಹುದು ಎಂದು ಈರಪ್ಪ ತಿಳಿದುಕೊಂಡ. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಕಾಗದದ ಮೇಲೆ ಅವನು ಸತ್ತರೂ ಗೂಡಿನಲ್ಲಿ ಅವನ ಕೀಲಿಕೈ ಇರಬೇಕು. ಇನ್ನೊಂದು ಅಮಾವಾಸ್ಯೆಗೆ ಬಂದರೆ ಅವನ ಕೈ ಬರಿಗೈಯಾಗಬಾರದು.

ಜೀಪು ನಿಂತಿತು. ಅವಳು ಇಳಿದು ಕಟ್ಟೆ ಹತ್ತಿ ಗೂಡಿನೊಳಗೆ ಕೈ ತೂರಿಸಿದಳು. ಮುಂದಿನ ಕಲ್ಲಿನ ಮೇಲೆ ಕೀಲಿಕೈ ಇಟ್ಟಳು. ಕೈ ಹಿಂದಕ್ಕೆ ಬರುವಾಗ ಬೆರಳಿಗೆ ಏನೋ ನುಣ್ಣಗೆ ಹತ್ತಿತು.

ಬೆರಳು ಬೂದು ಬಣ್ಣವಾಗಿತ್ತು.

ಅವಳು ಮತ್ತೆ ಕೈ ಹಾಕಿದಳು, ಈ ಸಲ ಮೊಣಕೈತನಕ. ಗೂಡಿನ ಹಿಂಭಾಗದಲ್ಲಿ, ಗೋಡೆಗೆ ಒತ್ತಿಟ್ಟಂತೆ, ತೆಳ್ಳಗಿನ ಚೌಕನೆಯ ವಸ್ತುವೊಂದು ತಗುಲಿತು. ಕೈವಸ್ತ್ರದಲ್ಲಿ ಸುತ್ತಿದ್ದು. ಜೀಪಿನ ಕಡೆಗೆ ಬೆನ್ನು ಮಾಡಿ ಅರ್ಧ ಬಿಚ್ಚಿದಳು.

ಕರಿಯ ಫ್ಲಾಪಿ. ಅದರ ಮೇಲೆ ಕೆಂಪು ಚೀಟಿ. ಸುಟ್ಟುಹೋಯಿತೆಂದು ಬಾಬಣ್ಣ ತನ್ನ ಕಣ್ಣ ಮೇಲೆ ಆಣೆ ಇಟ್ಟಂತೆ ಹೇಳಿದ್ದ ಫ್ಲಾಪಿ. ಆ ಹನ್ನೊಂದಕ್ಕೂ ಬಾಯಿ ಬರಿಸುವ ಒಂದೇ ಫ್ಲಾಪಿ. ಅವನು ಕೀಲಿಕೈ ಹುಡುಕಿ ಸಿಗದೆ, ತಾನು ತಂದಿದ್ದನ್ನು ಅದೇ ಜಾಗದಲ್ಲಿ ಅವಳಿಗಾಗಿ ಬಿಟ್ಟು ಹೋಗಿದ್ದ. ಇಪ್ಪತ್ತು ದಿನದಿಂದ ಅದು ಅವಳ ಕೈಗಾಗಿ ಇಲ್ಲಿ ಕಾಯುತ್ತಿತ್ತು.

ಕೆಂಪು ಚೀಟಿಯ ಮೇಲೆ ಎಡಕ್ಕೆ ವಾಲಿದ ಅಕ್ಷರಗಳಲ್ಲಿ ಒಂದು ಸಾಲಿತ್ತು.

ಚಂದ್ರಿ, ಯಾರ ಏನ ಹೇಳಿದರೂ ಸಹಿ ಮಾಡಬ್ಯಾಡ.

ಹಿಂದೆ ಜೀಪಿನ ಬಾಗಿಲು ತೆರೆದ ಸದ್ದಾಯಿತು. ಎರಡು ಜೊತೆ ಚಪ್ಪಲಿಗಳು ನೆಲಕ್ಕೆ ಇಳಿದವು, ಒಂದು ಈರಪ್ಪನದು, ಇನ್ನೊಂದು ಬಾಬಣ್ಣನದು.

"ಏನವಾ, ಇಷ್ಟೊತ್ತು?" ಈರಪ್ಪನ ದನಿ ಕಟ್ಟೆಯ ಹತ್ತಿರ ಬಂದಿತ್ತು. "ಏನೈತಿ ಆ ಗೂಡಿನ್ಯಾಗ?"

ಚಂದ್ರವ್ವ ಫ್ಲಾಪಿಯನ್ನು ಸೆರಗಿನ ಒಳಗೆ, ಎದೆಗೆ ಒತ್ತಿಕೊಂಡಳು. ತಿರುಗಿ, ಬರಿಯ ಬಲಗೈಯನ್ನು ಅವರ ಮುಂದೆ ಚಾಚಿ ತೋರಿಸಿದಳು.

"ಏನಿಲ್ರಿ ಸಾವಕಾರ್ರ," ಎಂದಳು. "ಬೂದಿ."